ಪ್ರಶ್ನೋತ್ತರ: ಸಣ್ಣ ಕಣ್ಣಿನ ಜರಡಿ

ಎಂ ಸ್ಯಾಂಡ್, ಎಂದರೆ ಕ್ರಷರ್ ಯಂತ್ರದಲ್ಲಿ ಕಲ್ಲನ್ನು ಒಡೆದು ತಯಾರಿಸುವ ಮರಳು, ಇದರ ಕುರಿತು ಹಿಂದಿನ ಸಂಚಿಕೆಯಲ್ಲಿ ಕೊಟ್ಟ ಉತ್ತರವೊಂದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಮನೆ ಕಟ್ಟಿಸುವವರಿಂದ ಹಿಡಿದು ಕ್ರಷರ್ ನಡೆಸುವವರವರೆಗೆ ಎಲ್ಲರ ಪ್ರಶ್ನೆಯೂ ಬೇರೆ ಬೇರೆ ದಾರಿಯಿಂದ ಒಂದೇ ಕಡೆ ಬಂದು ನಿಂತಿದೆ: ಮರಳಿನಿಂದ, ಅದಿರಿನಿಂದ, ತೀರ ಸಣ್ಣ ಕಣಗಳನ್ನು ಜರಡಿ ಹಿಡಿದು ಬೇರ್ಪಡಿಸುವುದು ಹೇಗೆ? ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಮನೆ ಕಟ್ಟಿಸುತ್ತಿದ್ದೇವೆ. ತರಿಸಿದ ಎಂ ಸ್ಯಾಂಡ್‌ನಲ್ಲಿ ಪುಡಿ ಹೆಚ್ಚಾಗಿದೆ ಎಂದು ಮೇಸ್ತ್ರಿಯವರು ಹೇಳುತ್ತಿದ್ದಾರೆ. ಸಣ್ಣ ಕಣ್ಣಿನ ಜಾಲರಿ ತಂದು ನಿವೇಶನದಲ್ಲಿಯೇ ಜರಡಿ ಹಿಡಿಸಿದರೆ ಆಗದೇ? ಜಲ್ಲಿಯನ್ನು ಅಷ್ಟು ಸಲೀಸಾಗಿ ವಿಂಗಡಿಸುವ ಕ್ರಷರಿನವರಿಗೆ ಈ ಪುಡಿಯನ್ನು ತೆಗೆಯುವುದೇಕೆ ಕಷ್ಟ?
(ಯಲಹಂಕದ ಓದುಗರೊಬ್ಬರು)

ಉತ್ತರ: ನಿವೇಶನದಲ್ಲಿ ಆಗುವ ಕೆಲಸವಲ್ಲ. ಏಕೆ ಆಗುವುದಿಲ್ಲ ಎನ್ನುವುದರಲ್ಲಿಯೇ ಈ ಇಡೀ ವಿದ್ಯೆ ಅಡಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಿಮ್ಮ ಮೇಸ್ತ್ರಿಯವರು ಗೂಟಕ್ಕೆ ಒರಗಿಸಿ ನಿಲ್ಲಿಸುವ ಜರಡಿಯನ್ನು ಒಮ್ಮೆ ಗಮನಿಸಿ. ಸಲಿಕೆಯಿಂದ ಎರಚಿದ ಮರಳು ಜಾಲರಿಯ ಮೇಲಿನಿಂದ ಉರುಳಿ ನೆಲ ಮುಟ್ಟಲು ಒಂದೆರಡು ಕ್ಷಣ ಸಾಕು. ಅಷ್ಟರಲ್ಲಿಯೇ ಮರಳು ಹಿಂದಕ್ಕೆ ಬಿದ್ದು, ಹರಳು ಮುಂದೆ ಉಳಿದಿರುತ್ತದೆ. ಅಲ್ಲಿ ಬೇರ್ಪಡುತ್ತಿರುವುದು ನಾಲ್ಕೈದು ಮಿಲಿಮೀಟರಿನ ಹರಳು. ನೀವು ತೆಗೆಯಬೇಕೆಂದಿರುವ ಪುಡಿಯಾದರೋ 75 ಮೈಕ್ರಾನಿಗಿಂತ ಸಣ್ಣದು, ಎಂದರೆ ಒಂದು ಮಿಲಿಮೀಟರಿನ ಹದಿಮೂರನೆಯ ಒಂದು ಭಾಗ, ಸುಮಾರಾಗಿ ಒಂದು ತಲೆಗೂದಲಿನ ದಪ್ಪ.

ಗಾತ್ರ ಇಳಿದಂತೆ ಕಣಗಳ ಸಂಖ್ಯೆ ಹೇಗೆ ಏರುತ್ತದೆ ಎನ್ನುವುದನ್ನು ಲೆಕ್ಕ ಹಾಕಿ ನೋಡಿ. ಒಂದು ಮಿಲಿಮೀಟರ್ ಅಗಲ, ಉದ್ದ, ಎತ್ತರವಿರುವ ಕಲ್ಲಿನ ಕಣವೊಂದರ ತೂಕ ಸುಮಾರು 2.65 ಮಿಲಿಗ್ರಾಂ, ಅಂಥವು ಒಂದು ಕಿಲೋಗೆ ಸುಮಾರು 3.8 ಲಕ್ಷ ಬೀಳುತ್ತವೆ. ಅದೇ ಒಂದು ಕಿಲೋ ಕಲ್ಲನ್ನು 0.1 ಮಿಲಿಮೀಟರಿನ ಕಣಗಳಾಗಿ ಪುಡಿ ಮಾಡಿದರೆ ಸಂಖ್ಯೆ 38 ಕೋಟಿಯ ಹತ್ತಿರ ಹೋಗುತ್ತದೆ. ಇವುಗಳಲ್ಲಿ ಪ್ರತಿಯೊಂದೂ ತಾನೇ ಹೋಗಿ ಒಂದು ಕಣ್ಣನ್ನು ಹುಡುಕಿಕೊಂಡು ದಾಟಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕುವ ಸೌಕರ್ಯ ಜರಡಿಯಲ್ಲಿ ಇಲ್ಲ.

ಕಣ್ಣಿನ ಮುಂದೆ ಬಂದ ಕಣವೆಲ್ಲ ದಾಟಿಬಿಡುತ್ತದೆಯೇ ಎಂದರೆ ಅದೂ ಇಲ್ಲ. ಒಂದು ಮಿಲಿಮೀಟರ್ ಕಣ್ಣು, ಅರ್ಧ ಮಿಲಿಮೀಟರ್ ತಂತಿ ಇರುವ ಜಾಲರಿಯ ಮೇಲೆ ಅರ್ಧ ಮಿಲಿಮೀಟರಿನ ಕಣವೊಂದು ನೆಟ್ಟಗೆ ಬಿದ್ದರೆ, ತಂತಿಗೆ ತಾಗದೆ ದಾಟುವ ಸಾಧ್ಯತೆ ಒಂಬತ್ತರಲ್ಲಿ ಒಂದು. ಅದೇ ಜಾಲರಿಯ ಮೇಲೆ 0.9 ಮಿಲಿಮೀಟರಿನ ಕಣ ಬಿದ್ದರೆ ಆ ಸಾಧ್ಯತೆ 225ರಲ್ಲಿ ಒಂದಕ್ಕೆ ಇಳಿಯುತ್ತದೆ. ಕಣ್ಣಿನಷ್ಟೇ ಗಾತ್ರದ ಆಸುಪಾಸಿನಲ್ಲಿರುವ ಈ ಕಣಗಳೇ ಜರಡಿಯ ನಿಜವಾದ ತಲೆನೋವು: ಅವು ನೂರಾರು ಬಾರಿ ಪುಟಿದು, ನೂರಾರು ಬಾರಿ ತಂತಿಗೆ ಬಡಿದು, ಕೊನೆಗೊಮ್ಮೆ ದಾಟುತ್ತವೆ; ಅಷ್ಟು ಹೊತ್ತಿಗೆ ಜಾಲರಿಯ ತುದಿ ಬಂದಿದ್ದರೆ ದಾಟದೆಯೇ ದಪ್ಪ ಮರಳಿನೊಂದಿಗೆ ಹೊರಬೀಳುತ್ತವೆ. ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುವವರು ಕೊನೆಯ ಹಿಡಿಯಷ್ಟು ಹಿಟ್ಟಿಗೆ ಬಂದಾಗ ಜರಡಿಯನ್ನು ಹೆಚ್ಚು ಹೊತ್ತು ಆಡಿಸಿ, ಅಂಗೈಯಿಂದ ತಟ್ಟುವುದು ಈ ಲೆಕ್ಕವನ್ನು ತಿಳಿದೇ ಅಲ್ಲವಾದರೂ ಅದಕ್ಕೆ ಸರಿಯಾಗಿಯೇ ಇದೆ.

ಆದ್ದರಿಂದ ಸೂಕ್ಷ್ಮ ಜರಡಿಯ ವಿಷಯದಲ್ಲಿ ಈಚಿನ ದಶಕಗಳಲ್ಲಿ ಆಗಿರುವ ಪ್ರಗತಿಯನ್ನು ಕಣ್ಣು ಎಷ್ಟು ಸಣ್ಣದಾಯಿತು ಎನ್ನುವುದರಿಂದ ಅಳೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಒಂದೊಂದು ಕಣಕ್ಕೂ ಕಣ್ಣಿನ ಮುಂದೆ ಎಷ್ಟು ಬಾರಿ ಅವಕಾಶ ಕೊಡಲಾಯಿತು, ಆ ಅವಕಾಶ ಬಂದಾಗ ಕಣ್ಣು ತೆರೆದಿತ್ತೇ ಎನ್ನುವುದೇ ಅಳತೆ. ಜಲ್ಲಿ ವಿಂಗಡಿಸುವ ಸಾಮಾನ್ಯ ವೈಬ್ರೇಟಿಂಗ್ ಸ್ಕ್ರೀನ್ ನಿಮಿಷಕ್ಕೆ 800ರಿಂದ 1000 ಬಾರಿ ದೊಡ್ಡದಾಗಿ ಕುಲುಕುತ್ತದೆ. ಸಣ್ಣ ಕಣಗಳಿಗಾಗಿ ಮಾಡಿದ ಯಂತ್ರಗಳು 3000ಕ್ಕೂ ಮೀರಿ, ಆದರೆ ಒಂದು ಮಿಲಿಮೀಟರಿನ ಆಸುಪಾಸಿನಷ್ಟೇ ಕಂಪಿಸುತ್ತವೆ. ದೊಡ್ಡ ಕುಲುಕಾಟದಲ್ಲಿ ಸಣ್ಣ ಕಣ ಜಾಲರಿಯಿಂದ ದೂರ ಹಾರಿಹೋಗುತ್ತದೆ. ಸಣ್ಣ ನಡುಕದಲ್ಲಿ ಅದು ಜಾಲರಿಯ ಹತ್ತಿರವೇ ಉಳಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಔಷಧ ಮತ್ತು ಲೋಹದ ಪುಡಿಗಳಿಗೆ ಬಳಸುವ ಅಲ್ಟ್ರಾಸಾನಿಕ್ ಜರಡಿಯಲ್ಲಂತೂ ಜಾಲರಿಯೇ ಸೆಕೆಂಡಿಗೆ ಸುಮಾರು 35,000 ಬಾರಿ ಕಂಪಿಸುತ್ತದೆ, ಕಿವಿಗೆ ಕೇಳಿಸುವುದಿಲ್ಲ. ಲಾರಿಗಟ್ಟಲೆ ಮರಳಿಗೆ ಅದು ಹೊಂದುವ ಯಂತ್ರವಲ್ಲ.

ಇನ್ನು ನಿಮ್ಮ ಮರಳಿನ ವಿಷಯ. ಕಾಂಕ್ರೀಟಿಗೆ ಬಳಸುವ ಮರಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯಲ್ಲಿ, 75 ಮೈಕ್ರಾನಿಗಿಂತ ಸಣ್ಣ ಪುಡಿ ನದಿಯ ಮರಳಿನಲ್ಲಿ ಶೇ 3ನ್ನು ಮೀರಬಾರದೆಂದೂ, ಕಲ್ಲನ್ನು ಪುಡಿ ಮಾಡಿ ತಯಾರಿಸಿದ ಮರಳಿನಲ್ಲಿ ಶೇ 15ರವರೆಗೆ ಇರಬಹುದೆಂದೂ ಹೇಳಿದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ನದಿಯ ಮರಳಿನ ಪುಡಿಯಲ್ಲಿ ಜೇಡಿ ಇರುವ ಸಂಭವ ಹೆಚ್ಚು. ಕ್ರಷರಿನ ಪುಡಿ ಬಹುಪಾಲು ಕಲ್ಲಿನದೇ ಪುಡಿ. ಅದು ಮಿತಿಯೊಳಗಿದ್ದರೆ ದಪ್ಪ ಕಣಗಳ ನಡುವಿನ ಸಂದುಗಳನ್ನು ತುಂಬಿ ಕಾಂಕ್ರೀಟಿಗೆ ಉಪಕಾರವನ್ನೇ ಮಾಡುತ್ತದೆ; ಪೂರ್ತಿ ತೆಗೆದುಬಿಟ್ಟರೆ ಎಂ ಸ್ಯಾಂಡ್‌ನ ಮೂಲೆ ಮೂಲೆಯಾದ ಕಣಗಳಿಂದ ಮಾಡಿದ ಕಾಂಕ್ರೀಟು ಒರಟಾಗುತ್ತದೆ, ಹಾಕಿದ ಮೇಲೆ ನೀರು ಮೇಲಕ್ಕೆ ಒಸರುತ್ತದೆ. ಮಿತಿ ಮೀರಿದರೆ ನೀರು ಹೆಚ್ಚು ಬೇಡುತ್ತದೆ, ಗಾರೆ ಒಣಗುವಾಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆದ್ದರಿಂದ ಸರಬರಾಜು ಮಾಡಿದವರಿಂದ ಆ ಲೋಡಿನ ಜರಡಿ ಪರೀಕ್ಷೆಯ ವರದಿಯನ್ನು ಕೇಳಿ, 75 ಮೈಕ್ರಾನಿನ ಸಾಲಿನಲ್ಲಿರುವ ಅಂಕಿಯನ್ನು ನೋಡಿ. ಪ್ಲಾಸ್ಟರಿಂಗ್‌ಗೆ, ಅದಕ್ಕೆಂದೇ ತಯಾರಿಸುವ ಪಿ ಸ್ಯಾಂಡನ್ನೇ ಬೇರೆಯಾಗಿ ತರಿಸಿ. ಒಣ ಪುಡಿಯನ್ನು ಅಂಗಳದಲ್ಲಿ ಜರಡಿ ಹಿಡಿಸಬೇಡಿ. ಅದರಿಂದ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಹೋಗಿ ಕುಳಿತರೆ ಮತ್ತೆ ಹೊರಗೆ ಬರುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಜಾಲರಿ ಕೇಳಿದರೆ 100 ಮೆಶ್ ಬೇಕೇ, 200 ಮೆಶ್ ಬೇಕೇ ಎನ್ನುತ್ತಾರೆ, ನಕ್ಷೆಯಲ್ಲಿ ಮೈಕ್ರಾನ್ ಎಂದಿರುತ್ತದೆ. ಎರಡಕ್ಕೂ ಏನು ಸಂಬಂಧ?
(ಪೀಣ್ಯದ ಸಣ್ಣ ಉದ್ಯಮಿಯೊಬ್ಬರು)

ಉತ್ತರ: ಮೆಶ್ ಎಂದರೆ ಒಂದು ಅಂಗುಲದಲ್ಲಿರುವ ಕಣ್ಣುಗಳ ಎಣಿಕೆ. ಅದರಲ್ಲಿ ತಂತಿಯ ದಪ್ಪದ ಮಾತೇ ಇಲ್ಲ. 200 ಮೆಶ್ ಜಾಲರಿಯಲ್ಲಿ 25.4 ಮಿಲಿಮೀಟರನ್ನು 200ರಿಂದ ಭಾಗಿಸಿದರೆ 127 ಮೈಕ್ರಾನ್ ಬರುತ್ತದೆ. ಇದು ಒಂದು ಕಣ್ಣು ಮತ್ತು ಒಂದು ತಂತಿ ಸೇರಿದ ಅಳತೆ. ಕಣ್ಣು 75 ಮೈಕ್ರಾನ್ ಆಗಿರಬೇಕಾದರೆ ತಂತಿ 52 ಮೈಕ್ರಾನ್ ಇರಬೇಕು. ತಂತಿ ಬೇಗ ಸವೆಯದಿರಲೆಂದು ದಪ್ಪ ತಂತಿಯದನ್ನು ಕೊಂಡರೆ ಮೆಶ್ ಸಂಖ್ಯೆ ಅದೇ ಇರುತ್ತದೆ, ಕಣ್ಣು ಮಾತ್ರ ಕಿರಿದಾಗಿರುತ್ತದೆ. ಆದ್ದರಿಂದ ಕೊಳ್ಳುವಾಗ ಕಣ್ಣಿನ ಅಳತೆ ಮತ್ತು ತಂತಿಯ ದಪ್ಪ, ಎರಡನ್ನೂ ಬರೆದುಕೊಡಿ. 75ಕ್ಕೆ 52ರ ಈ ಜಾಲರಿಯಲ್ಲಿ ಒಟ್ಟು ವಿಸ್ತೀರ್ಣದ ಶೇ 35ರಷ್ಟು ಮಾತ್ರ ತೆರೆದ ಜಾಗ, ಉಳಿದುದೆಲ್ಲ ತಂತಿ ಎನ್ನುವುದೂ ನೆನಪಿರಲಿ.

ಪ್ರಶ್ನೆ: ನಾನು ಕ್ರಷರ್ ಘಟಕವೊಂದರಲ್ಲಿ ಮೇಲ್ವಿಚಾರಕ. ಬೇಸಿಗೆಯಲ್ಲಿ ಸರಿಯಾಗಿ ಓಡುವ ಮರಳಿನ ಜರಡಿ ಮಳೆಗಾಲದಲ್ಲಿ ಅರ್ಧ ದಿನಕ್ಕೇ ಕಟ್ಟಿಕೊಳ್ಳುತ್ತದೆ. ಪರಿಹಾರವಿದೆಯೇ?
(ಬಿಡದಿಯ ಓದುಗರೊಬ್ಬರು)

ಉತ್ತರ: ಕೆಲವು ಸಮಯದ ಹಿಂದೆ ದೊಡ್ಡಬಳ್ಳಾಪುರದ ಆಚೆ ಒಂದು ಘಟಕಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಕೆಲಸಗಾರರೊಬ್ಬರು ಮರದ ಸುತ್ತಿಗೆ ಹಿಡಿದು ಜಾಲರಿಯ ಚೌಕಟ್ಟನ್ನು ಒಂದೇ ಸಮನೆ ಬಡಿಯುತ್ತಿದ್ದರು. ಬಗ್ಗಿ ಕೆಳಗಿನಿಂದ ನೋಡಿದರೆ ಬೆಳಕು ಕಾಣಬೇಕಾದ ಜಾಗದಲ್ಲಿ ರೊಟ್ಟಿ ತಟ್ಟಿದಂತೆ ಬೂದುಬಣ್ಣದ ಪದರ ಕೂತಿತ್ತು. ಮೇಲೆ ಬೀಳುತ್ತಿದ್ದ ಮರಳಿಗೆ ಅದು ಜರಡಿಯಾಗಿ ಉಳಿದಿರಲಿಲ್ಲ, ಜಾರುಬಂಡಿಯಾಗಿತ್ತು. ನಿಮ್ಮಲ್ಲಿಯೂ ಇದೇ ಆಗುತ್ತಿರಬೇಕು.

ಸಣ್ಣ ಕಣಗಳ ಜರಡಿಗೆ ಪೂರ್ತಿ ಒಣಗಿದ ಮರಳೂ ಒಗ್ಗುತ್ತದೆ, ಪೂರ್ತಿ ನೀರಿನಲ್ಲಿ ಕದಡಿದ ಮರಳೂ ಒಗ್ಗುತ್ತದೆ. ನಡುವಿನ ಹಸಿ ಸ್ಥಿತಿ ಮಾತ್ರ ಒಗ್ಗುವುದಿಲ್ಲ. ಕೆಲವೇ ಶೇಕಡದಷ್ಟು ತೇವವಿದ್ದಾಗ ಪ್ರತಿ ಕಣದ ಸುತ್ತಲೂ ನೀರಿನ ತೆಳು ಪೊರೆ ಕಟ್ಟಿ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ತುಸು ಒದ್ದೆಯಾದ ಮರಳು ಉಬ್ಬಿ ಬಾಂಡಲಿಯಲ್ಲಿ ಹೆಚ್ಚಾಗಿ ಕಾಣುವುದೂ ಇದೇ ಪೊರೆಯಿಂದ. ಕಣ ಸಣ್ಣದಾದಂತೆ ಅದರ ತೂಕಕ್ಕಿಂತ ಪೊರೆಯ ಹಿಡಿತವೇ ಬಲವಾಗುವುದರಿಂದ ಮಾಮೂಲಿ ಕುಲುಕಾಟಕ್ಕೆ ಅದು ಬಿಡಿಸಿಕೊಳ್ಳುವುದಿಲ್ಲ.

ಈ ಸ್ಥಿತಿಗಾಗಿಯೇ ರೂಪುಗೊಂಡದ್ದು ಫ್ಲಿಪ್ ಫ್ಲೋ ಎಂಬ ಬಗೆಯ ಜರಡಿ. ಅದರಲ್ಲಿ ತಂತಿಯ ಜಾಲರಿಯ ಬದಲು, ರಬ್ಬರಿನಂತೆ ಬಾಗುವ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಕಣ್ಣುಳ್ಳ ಹಾಸುಗಳಿರುತ್ತವೆ. ಅಡ್ಡಪಟ್ಟಿಗಳು ಒಂದನ್ನೊಂದು ಸಮೀಪಿಸಿ ದೂರ ಸರಿಯುತ್ತಿದ್ದಂತೆ ಹಾಸು ಸಡಿಲಾಗಿ ಜೋತುಬಿದ್ದು ಮರುಕ್ಷಣವೇ ಬಿಗಿಯಾಗುತ್ತದೆ. ಇಬ್ಬರು ಒದ್ದೆ ಸೀರೆಯ ಎರಡು ತುದಿ ಹಿಡಿದು ಝಾಡಿಸಿದ ಹಾಗೆ. ಯಂತ್ರದ ಚೌಕಟ್ಟು ಮೆಲ್ಲಗೆ ಅಲುಗುತ್ತಿದ್ದರೂ ಹಾಸಿನ ಮೇಲಿರುವ ಕಣಕ್ಕೆ ಗುರುತ್ವದ 50 ಪಟ್ಟಿನವರೆಗೆ ಎಸೆತ ಸಿಗುತ್ತದೆ. ಕಣ್ಣು ತಾನೇ ಹಿಗ್ಗಿ ಕುಗ್ಗುವುದರಿಂದ ಸಿಕ್ಕಿಕೊಂಡ ಕಣವೂ ಕಳಚಿಕೊಳ್ಳುತ್ತದೆ. ಬೆಲೆ ಮಾಮೂಲಿ ಸ್ಕ್ರೀನಿಗಿಂತ ಹೆಚ್ಚು. ಹಾಸುಗಳನ್ನು ಬದಲಿಸುವ ಖರ್ಚೂ ಇದೆ. ಮಳೆಗಾಲದಲ್ಲಿ ನಿಮಗೆ ತಪ್ಪುತ್ತಿರುವ ಟನ್ನುಗಳ ಲೆಕ್ಕ ಹಾಕಿದ ಮೇಲೆಯೇ ನಿರ್ಧರಿಸಿ. ಅದಕ್ಕಿಂತ ಮೊದಲು ಮಾಡಬಹುದಾದ ಅಗ್ಗದ ಕೆಲಸವೆಂದರೆ ಕ್ರಷರಿನಿಂದ ಜರಡಿಗೆ ಬರುವ ಬೆಲ್ಟಿನ ಮೇಲೆ ಶೀಟು ಹೊದಿಸುವುದು. ಎಷ್ಟೋ ಕಡೆ ಅದೇ ಇರುವುದಿಲ್ಲ.

75 ಮೈಕ್ರಾನಿನ ಪುಡಿಯನ್ನೇ ತೆಗೆಯುವುದು ಗುರಿಯಾದರೆ, ಒಣ ಘಟಕದಲ್ಲಿ ಜಾಲರಿಯ ಹಂಬಲವನ್ನು ಬಿಟ್ಟು ಗಾಳಿಯ ಕೈಗೆ ಕೊಡುವುದು ಲೇಸು. ಏರ್ ಕ್ಲಾಸಿಫೈಯರಿನಲ್ಲಿ ತೆರೆಯಂತೆ ಸುರಿಯುವ ಮರಳಿನ ಅಡ್ಡಕ್ಕೆ ಗಾಳಿ ಹಾಯಿಸಿ ಹಗುರವಾದ ಪುಡಿಯನ್ನು ಹೊತ್ತೊಯ್ಯಲಾಗುತ್ತದೆ. ಒಕ್ಕಣೆಯ ಕಣದಲ್ಲಿ ಮೊರ ಎತ್ತಿ ರಾಗಿ ತೂರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ನಾನು ಸಂಡೂರಿನವನು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅದಿರನ್ನು ಅರೆಯುವ ಘಟಕಗಳಲ್ಲಿ ಹೈಡ್ರೋಸೈಕ್ಲೋನ್‌ಗಳ ಜಾಗಕ್ಕೆ ಈಗ ಸೂಕ್ಷ್ಮ ಜರಡಿಗಳು ಬರುತ್ತಿವೆ ಎಂದು ಓದಿದೆ. ಚಲಿಸುವ ಭಾಗಗಳೇ ಇಲ್ಲದ ಸೈಕ್ಲೋನನ್ನು ಬಿಟ್ಟು ಸವೆಯುವ ಜರಡಿಗೆ ಏಕೆ ಹೋಗಬೇಕು?

ಉತ್ತರ: ಹೈಡ್ರೋಸೈಕ್ಲೋನ್ ಎಂದರೆ ಅರೆದ ಅದಿರು ಬೆರೆತ ನೀರನ್ನು ಸುಳಿಯಂತೆ ತಿರುಗಿಸಿ, ಬೇಗ ಮುಳುಗುವ ಕಣಗಳನ್ನು ತಳದಿಂದಲೂ ಉಳಿದವನ್ನು ಮೇಲಿನಿಂದಲೂ ಹೊರಬಿಡುವ ಶಂಕುವಿನಾಕಾರದ ಪಾತ್ರೆ. ಅದು ಅಗ್ಗ, ಜಾಗವೂ ಕಡಿಮೆ ಸಾಕು, ಅದನ್ನು ಒಪ್ಪೋಣ. ಅದರ ದೋಷವೇನೆಂದರೆ ಅದು ಕಣದ ಗಾತ್ರವನ್ನು ನೋಡುವುದೇ ಇಲ್ಲ, ಕಣ ಎಷ್ಟು ಬೇಗ ಮುಳುಗುತ್ತದೆ ಎನ್ನುವುದನ್ನು ಮಾತ್ರ ನೋಡುತ್ತದೆ. ನಿಮ್ಮ ಊರಿನ ಕಡೆಯ ಅದಿರನ್ನೇ ತೆಗೆದುಕೊಳ್ಳಿ. ಕಬ್ಬಿಣದ ಖನಿಜವಾದ ಹೆಮಟೈಟಿನ ಸಾಂದ್ರತೆ ನೀರಿನ ಸುಮಾರು 5.2 ಪಟ್ಟು, ಅದರೊಂದಿಗೆ ಬೆರೆತಿರುವ ಕ್ವಾರ್ಟ್ಸ್ ಎಂಬ ಬೆಣಚುಕಲ್ಲಿನದು 2.65 ಪಟ್ಟು. ನೀರಿನಲ್ಲಿ ಇವೆರಡರ ಮುಳುಗುವ ವೇಗವನ್ನು ಸ್ಟೋಕ್ಸ್ ನಿಯಮದಿಂದ ಲೆಕ್ಕ ಹಾಕಿದರೆ, 100 ಮೈಕ್ರಾನಿನ ಕ್ವಾರ್ಟ್ಸ್ ಕಣವೂ 63 ಮೈಕ್ರಾನಿನ ಹೆಮಟೈಟ್ ಕಣವೂ ಒಂದೇ ವೇಗದಲ್ಲಿ ಮುಳುಗುತ್ತವೆ. ಸೈಕ್ಲೋನಿಗೆ ಇವೆರಡೂ ಅವಳಿಗಳು.

ಇದರ ಪರಿಣಾಮವನ್ನು ಊಹಿಸಿ. ಬೇಕಾದಷ್ಟು ನುಣುಪಾಗಿ ಅರೆದು, ಕ್ವಾರ್ಟ್ಸಿನಿಂದ ಬಿಡಿಸಿಕೊಂಡಿರುವ ಹೆಮಟೈಟ್ ಕಣವು ಭಾರವಾಗಿದೆ ಎಂಬ ಒಂದೇ ಕಾರಣಕ್ಕೆ ಸೈಕ್ಲೋನಿನ ತಳದಿಂದ ಹೊರಬಂದು ಮತ್ತೆ ಅದಿರು ಅರೆಯುವ ಬಾಲ್ ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಇನ್ನಷ್ಟು ಅರೆದು, ಕೊನೆಗೆ ಯಾವ ಯಂತ್ರವೂ ಹಿಡಿಯಲಾರದ ಕೆಸರಾಗಿ, ತ್ಯಾಜ್ಯವನ್ನು ತುಂಬಿಡುವ ಟೇಲಿಂಗ್ಸ್ ಅಣೆಕಟ್ಟೆ ಸೇರುತ್ತದೆ. ಅತ್ತ, ಇನ್ನೂ ಅರೆಯಬೇಕಾಗಿದ್ದ ದಪ್ಪ ಕ್ವಾರ್ಟ್ಸ್ ಕಣವು, ತನ್ನ ಮೈಗೆ ಒಂದಿಷ್ಟು ಹೆಮಟೈಟನ್ನು ಅಂಟಿಸಿಕೊಂಡೇ, ಹಗುರವೆಂಬ ನೆಪದಲ್ಲಿ ಮೇಲಿನಿಂದ ಪಾರಾಗುತ್ತದೆ. ಅರೆಯುವುದಕ್ಕೆ ಸುರಿಯುವ ವಿದ್ಯುತ್ತು ಅದಿರು ಸಂಸ್ಕರಣೆಯ ಖರ್ಚಿನಲ್ಲಿ ದೊಡ್ಡ ಪಾಲು. ಅದರಲ್ಲಿ ಒಂದಷ್ಟು ಹೀಗೆ, ಆಗಿರುವ ಕೆಲಸವನ್ನೇ ಮತ್ತೆ ಮಾಡಿ ಕೆಡಿಸುವುದಕ್ಕೆ ಹೋಗುತ್ತದೆ. ಸೈಕ್ಲೋನ್ ಇರುವ ಘಟಕಗಳಲ್ಲಿ ಹೊಸದಾಗಿ ಬರುವ ಅದಿರಿನ ಎರಡು ಮೂರು ಪಟ್ಟು ಮಾಲು ಮಿಲ್ಲಿಗೂ ಸೈಕ್ಲೋನಿಗೂ ನಡುವೆ ಸುತ್ತುತ್ತಲೇ ಇರುವುದು ಸಾಮಾನ್ಯ. ಜರಡಿಗೆ ಸಾಂದ್ರತೆಯ ಹಂಗಿಲ್ಲ. ಕಣ್ಣಿಗಿಂತ ಸಣ್ಣದಾದರೆ ಕೆಳಗೆ, ದೊಡ್ಡದಾದರೆ ಮೇಲೆ. ಆದ್ದರಿಂದ ಜರಡಿ ಹಾಕಿದ ಕಡೆ ಈ ಸುತ್ತಾಟ ಗಣನೀಯವಾಗಿ ಇಳಿಯುತ್ತದೆ, ಅದೇ ಮಿಲ್ಲಿಗೆ ಇನ್ನಷ್ಟು ಹೊಸ ಅದಿರನ್ನು ಕೊಡಲು ಸಾಧ್ಯವಾಗುತ್ತದೆ.

ಇಷ್ಟು ತಿಳಿದಿದ್ದೂ ಇಷ್ಟು ದಿನ ಏಕೆ ಸೈಕ್ಲೋನನ್ನು ಆಶ್ರಯಿಸಿದ್ದರು ಎಂದರೆ, 100 ಮೈಕ್ರಾನಿನ ಆಸುಪಾಸಿನಲ್ಲಿ ಗಂಟೆಗೆ ನೂರಾರು ಟನ್ ಜರಡಿ ಹಿಡಿಯುವ ಯಂತ್ರ ಇರಲಿಲ್ಲ. 1950ರ ದಶಕದಲ್ಲಿ ನೆದರ್ಲೆಂಡ್ಸಿನ ಸರ್ಕಾರಿ ಗಣಿ ಸಂಸ್ಥೆಯಾದ ಡಚ್ ಸ್ಟೇಟ್ ಮೈನ್ಸ್‌ನವರು ಬಿಲ್ಲಿನಂತೆ ಬಾಗಿದ, ಅಲುಗಾಡದ ಜರಡಿಯೊಂದನ್ನು ತಂದರು. ಸ್ಲರಿ, ಎಂದರೆ ಅರೆದ ಅದಿರು ಬೆರೆತ ನೀರು, ಅದರ ಮೈಮೇಲೆ ಹರಿದಿಳಿಯುವಾಗ ಅಡ್ಡಲಾಗಿ ಜೋಡಿಸಿದ ಕಂಬಿಗಳ ಅಂಚು ಪ್ರತಿ ಬಾರಿಯೂ ಒಂದು ತೆಳು ಪದರವನ್ನು ಹೆರೆದು ಕೆಳಗೆ ಇಳಿಸುತ್ತಿತ್ತು; ಸಂದಿನ ಅಗಲದ ಸುಮಾರು ಅರ್ಧದಷ್ಟು ಗಾತ್ರದಲ್ಲಿ ಬೇರ್ಪಡೆ ಆಗುತ್ತಿತ್ತು. ಕಂಬಿಯ ಅಂಚು ಸವೆದು ದುಂಡಾದರೆ ಕೆಲಸವೂ ಮೊಂಡಾಗುತ್ತಿತ್ತು. ಅಮೆರಿಕದ ಮಿನ್ನೆಸೋಟಾದಲ್ಲಿ ಟ್ಯಾಕೊನೈಟ್ ಎಂಬ ಕಬ್ಬಿಣದ ಅದಿರು ಅರೆಯುವವರು, ಅದರಿಂದ ದೊರೆಯುವ ಕಬ್ಬಿಣದ ಖನಿಜವಾದ ಮ್ಯಾಗ್ನೆಟೈಟಿನಲ್ಲಿ ಉಳಿದ ಸಿಲಿಕಾವನ್ನು ತಗ್ಗಿಸಲು ಸೂಕ್ಷ್ಮ ಜರಡಿಯನ್ನು ಹಿಡಿದರು. ಸಿಲಿಕಾ ಅಂಟಿಕೊಂಡ ಕಣಗಳು ಸಾಮಾನ್ಯವಾಗಿ ದಪ್ಪಗಿರುತ್ತವೆ ಎನ್ನುವುದೇ ಅವರ ಆಧಾರ.

ಮುಂದಿನ ಜಿಗಿತಕ್ಕೆ ಕಾರಣ ಎರಡು. ಮೊದಲನೆಯದು ಪಾಲಿಯುರೆಥೇನ್ ಹಾಸು. ಉಕ್ಕಿನ ತೆಳು ತಂತಿ ಬೇಗ ಹರಿಯುತ್ತದೆ. ಹಳೆಯ ಪಾಲಿಯುರೆಥೇನ್ ಹಾಸು ಬಾಳಿಕೆ ಬರುತ್ತಿತ್ತಾದರೂ ಅದರಲ್ಲಿ ತೆರೆದ ಜಾಗ ತೀರ ಕಡಿಮೆ. ಈಗ 75 ಮೈಕ್ರಾನಿನ ಸೀಳುಕಣ್ಣುಗಳನ್ನೂ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವಂತೆ ಅಚ್ಚಿನಲ್ಲಿಯೇ ಮೂಡಿಸುತ್ತಾರೆ. ಬಾಯಿ ದಾಟಿದ ಕಣ ನಡುವೆ ಸಿಕ್ಕಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಎರಡನೆಯದು ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಒದ್ದೆ ಜರಡಿಯಲ್ಲಿ ಕಣವನ್ನು ಕಣ್ಣಿನ ಮೂಲಕ ಎಳೆದುಕೊಂಡು ಹೋಗುವುದು ನೀರು. ಆ ನೀರು ಹಾಸಿನ ಮೊದಲ ಭಾಗದಲ್ಲಿಯೇ ಸೋರಿಹೋಗುತ್ತದೆ. ಅದಾದ ಮೇಲೆ ಜರಡಿ ಎಷ್ಟೇ ಉದ್ದವಿದ್ದರೂ ಅದು ಮರಳು ಸಾಗಿಸುವ ದಾರಿಯೇ ಹೊರತು ಜರಡಿಯಲ್ಲ. ಇದನ್ನು ಅರಿತ ಮೇಲೆ ಉದ್ದವನ್ನು ಬಿಟ್ಟು ಅಗಲವನ್ನು ಹಿಡಿದರು. ಅಮೆರಿಕದ ಬಫಲೋ ನಗರದ ಡೆರಿಕ್ ಕಂಪನಿಯ ಸ್ಟ್ಯಾಕ್ ಸೈಸರ್ ಎಂಬ ಯಂತ್ರದಲ್ಲಿ ಐದು ಗಿಡ್ಡ ಜರಡಿಗಳನ್ನು ಒಂದರ ಮೇಲೊಂದು ಅಟ್ಟ ಹಾಕಿದಂತೆ ಒಂದೇ ಚೌಕಟ್ಟಿಗೆ ಕೂರಿಸಿ, ಸ್ಲರಿಯನ್ನು ಐದಕ್ಕೂ ಸಮನಾಗಿ ಹಂಚುತ್ತಾರೆ. ಬೆಂಗಳೂರಿನಲ್ಲಿ ನಿವೇಶನ ಸಾಲದೆ ಮಹಡಿ ಏರಿಸಿದ ಹಾಗೆಯೇ. ಪ್ರತಿ ಅಂತಸ್ತಿನಲ್ಲಿಯೂ ಹಾಸುಗಳ ನಡುವೆ ಒಂದು ತೊಟ್ಟಿಯಿದ್ದು, ನೀರು ಬಸಿದುಹೋದ ಮಾಲಿಗೆ ಅಲ್ಲಿ ಮತ್ತೆ ನೀರು ಬೆರೆಸಿ ಮುಂದಿನ ಹಾಸಿಗೆ ಬಿಡುತ್ತಾರೆ. ಮೊದಲ ಹಾಸಿನಲ್ಲಿ ಅವಕಾಶ ತಪ್ಪಿದ ಕಣಕ್ಕೆ ಇದು ಎರಡನೆಯ ಸರದಿ.

ಹಾಗೆಂದು ಎಲ್ಲ ಕಡೆಯೂ ಜರಡಿಯೇ ಸರಿ ಎನ್ನಲಾರೆ. ತೀರ ನುಣುಪಾಗಿ, 40 ಮೈಕ್ರಾನಿಗೂ ಕೆಳಗೆ ಅರೆಯಬೇಕಾದ ಅದಿರಿಗೆ ಸೈಕ್ಲೋನೇ ಇಂದಿಗೂ ಗತಿ. ಎರಡು ಖನಿಜಗಳ ಸಾಂದ್ರತೆಯಲ್ಲಿ ವ್ಯತ್ಯಾಸ ಹೆಚ್ಚಿರುವ ಕಡೆ ಜರಡಿಯ ಲಾಭ ಹೆಚ್ಚು: ಸೀಸದ ಅದಿರಾದ ಗೆಲೀನಾದ ಸಾಂದ್ರತೆ 7.5, ಅದರ 50 ಮೈಕ್ರಾನಿನ ಕಣ 100 ಮೈಕ್ರಾನಿನ ಕ್ವಾರ್ಟ್ಸಿಗೆ ಸಮ. ನಿಮ್ಮ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಹೆಮಟೈಟೂ ಕ್ವಾರ್ಟ್ಸೂ ಪಟ್ಟೆಪಟ್ಟೆಯಾಗಿ ಸೇರಿದ ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್ ಶಿಲೆಯ ಒಂದು ಮಾದರಿಯನ್ನು ಅರೆದು, ಜರಡಿಯ ಪ್ರತಿ ಗಾತ್ರದಲ್ಲಿಯೂ ಕಬ್ಬಿಣದ ಅಂಶ ಎಷ್ಟಿದೆ ಎಂದು ಅಳೆದು ನೋಡಿ. ಆ ಕೋಷ್ಟಕವೇ ನಿಮಗೆ ಉತ್ತರ ಹೇಳುತ್ತದೆ.

ಪ್ರಶ್ನೆ: ತೊಳೆದ ಎಂ ಸ್ಯಾಂಡ್ ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಇದಕ್ಕೂ ಫಿಲ್ಟರ್ ಮರಳಿಗೂ ಏನು ವ್ಯತ್ಯಾಸ? ತೊಳೆದ ನೀರೆಲ್ಲ ಎಲ್ಲಿಗೆ ಹೋಗುತ್ತದೆ?
(ಜಯನಗರದ ಓದುಗರೊಬ್ಬರು)

ಉತ್ತರ: ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಫಿಲ್ಟರ್ ಮರಳು ಎಂದು ನಮ್ಮ ಕಡೆ ಕರೆಯುವುದು ಕೆರೆಯಂಗಳದ, ಹೊಲದ ಮಣ್ಣನ್ನು ಅಗೆದು, ನೀರಿನಲ್ಲಿ ಕಲಕಿ, ಮಣ್ಣು ತೇಲಿಹೋದ ಮೇಲೆ ಉಳಿದದ್ದನ್ನು. ಅದು ಅಕ್ರಮ, ಕೆರೆಗೂ ಕೇಡು, ಕಟ್ಟಡಕ್ಕೂ ಕೇಡು, ಏಕೆಂದರೆ ಕಣಗಳ ಮೈಗೆ ಜೇಡಿ ಅಂಟಿಕೊಂಡೇ ಉಳಿದು ಸಿಮೆಂಟನ್ನು ಹಿಡಿಯಗೊಡುವುದಿಲ್ಲ. ತೊಳೆದ ಎಂ ಸ್ಯಾಂಡ್ ಗಟ್ಟಿ ಕಲ್ಲನ್ನು ಒಡೆದು, ಹೆಚ್ಚಾದ ಪುಡಿಯನ್ನು ನೀರಿನಿಂದ ತೆಗೆದದ್ದು.

ಹೊಸ ಘಟಕಗಳಲ್ಲಿ ತೊಳೆದ ಮರಳಿನ ನೀರನ್ನು ಬಸಿಯುವುದಕ್ಕೂ ಜರಡಿಯನ್ನೇ ಬಳಸುತ್ತಾರೆ, ಮತ್ತು ಅದರ ಕೆಲಸ ನೋಡಲು ಸೊಗಸು. ಹೊರಬೀಳುವ ತುದಿ ಐದು ಡಿಗ್ರಿಯಷ್ಟು ಮೇಲಕ್ಕೆ ಎದ್ದಿರುತ್ತದೆ. ಮರಳು ನಡುಗುತ್ತಾ ಆ ಏರನ್ನು ಹತ್ತಿ ಹೋಗುತ್ತದೆ, ನೀರು ಹಿಂದಕ್ಕೆ ಇಳಿದು ಸೋರುತ್ತದೆ. ಹಾಸಿನ ಸೀಳುಕಣ್ಣುಗಳು ಸಣ್ಣ ಮರಳಿಗಿಂತ ಅಗಲವಾಗಿಯೇ ಇರುತ್ತವೆ. ಆದರೂ ಮರಳು ಸೋರುವುದಿಲ್ಲ, ಏಕೆಂದರೆ ದಪ್ಪ ಕಣಗಳು ಮೊದಲು ಕಮಾನು ಕಟ್ಟಿ ನಿಂತು, ಮರಳಿನ ಪದರವೇ ತನಗೆ ತಾನೇ ಸೋಸುಬಟ್ಟೆಯಾಗುತ್ತದೆ. ತುದಿಯಿಂದ ಬೀಳುವ ಮರಳಿನಲ್ಲಿ ಶೇ 10ರಿಂದ 15ರಷ್ಟು ತೇವ ಉಳಿದಿರುತ್ತದೆ. ಲಾರಿಯಿಂದ ನೀರು ತೊಟ್ಟಿಕ್ಕದಷ್ಟು.

ಕೆಳಗೆ ಸೋರಿದ ನೀರು ಕಲ್ಲುಪುಡಿಯಿಂದ ಬೂದಿಯ ಬಣ್ಣಕ್ಕಿರುತ್ತದೆ. ಅದನ್ನು ಥಿಕ್ನರ್ ಎಂಬ ದೊಡ್ಡ ತೊಟ್ಟಿಗೆ ಬಿಟ್ಟು, ಪುಡಿಯನ್ನು ಗಂಟು ಕಟ್ಟಿಸುವ ರಾಸಾಯನಿಕ ಬೆರೆಸಿ ತಳಕ್ಕೆ ಇಳಿಸಿ, ಮೇಲಿನ ತಿಳಿನೀರನ್ನು ಮತ್ತೆ ತೊಳೆಯಲು ಬಳಸಬೇಕು. ಚಿಕ್ಕಬಳ್ಳಾಪುರ, ಕೋಲಾರಗಳಂಥ ನೀರಿಲ್ಲದ ಸೀಮೆಯಲ್ಲಿ ಈ ತೊಟ್ಟಿ ಇಲ್ಲದೆ ಕೊಳವೆಬಾವಿಯ ನೀರಿನಿಂದ ಮರಳು ತೊಳೆಯುವುದನ್ನು ನಾನಂತೂ ಸಮರ್ಥಿಸಲಾರೆ. ಮಾರುವವರನ್ನು ನೀವು ಕೇಳಬೇಕಾದ ಪ್ರಶ್ನೆಯೂ ಇದೇ.

ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಮರಳು, ಮುಕ್ಕಾಲರವರೆಗೆ ಚಿಟಿಕೆ ಉಪ್ಪು ಬೆರೆಸಿದ ನೀರು ಹಾಕಿ ಚೆನ್ನಾಗಿ ಕುಲುಕಿ, ಮೂರು ಗಂಟೆ ಅಲುಗಿಸದೆ ಇಡಿ. ಮರಳಿನ ಮೇಲೆ ನುಣುಪಾದ ಪದರ ಕೂರುತ್ತದೆ. ಆದರೆ ಎಂ ಸ್ಯಾಂಡಿನಲ್ಲಿ ಈ ಪದರ ನದಿಯ ಮರಳಿಗಿಂತ ದಪ್ಪಗಿದ್ದರೆ ಗಾಬರಿಯಾಗಬೇಡಿ, ಅದು ಕಲ್ಲಿನ ಪುಡಿಯಾಗಿರಬಹುದು. ಪುಡಿ ಜೇಡಿಯೋ ಕಲ್ಲೋ ಎನ್ನುವುದನ್ನು ಬಾಟಲಿ ಹೇಳಲಾರದು. ಅದಕ್ಕೆ ಪ್ರಯೋಗಾಲಯದ ಮೆಥಿಲೀನ್ ಬ್ಲೂ ಪರೀಕ್ಷೆ ಬೇಕು. ಜೇಡಿ ಆ ನೀಲಿ ಬಣ್ಣವನ್ನು ಹೀರಿಕೊಳ್ಳುತ್ತದೆ, ಕಲ್ಲಿನ ಪುಡಿ ಅಷ್ಟಾಗಿ ಹೀರುವುದಿಲ್ಲ.